ಸುಡದ ಬಿಲ್ಲೆ

ಮಿಲ್ಪಿಟಾಸ್
18 ಮಾರ್ಚ್ 2024

ಶ್ರೀ ಯೋಗಾನಂದ ಅವರಿಗೆ,

ನಾನು ನಿಸರ್ಗಾ, ಬೋರಮ್ಮನವರ ಮಗಳು. ಜನವರಿ ಹದಿಮೂರರ ಶನಿವಾರ ನಿಮ್ಮ ಚಿತಾಗಾರದಲ್ಲಿ ಅಮ್ಮನ ಸಂಸ್ಕಾರವಾಯಿತು. ಒಲೆ ಹೊತ್ತಿಸುವ ಗುಂಡಿ ಒತ್ತಿದವನು ನನ್ನ ತಮ್ಮ ಜಗನ್. ಆಗ ನಾನು ನಿಮ್ಮ ಆಫೀಸಿನಲ್ಲಿ ಕಾಗದಗಳಿಗೆ ಸಹಿ ಹಾಕುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ನಿಮ್ಮ ಮೇಲೆ, ಚಿತಾಗಾರಗಳಿಗೆ ಲೈಸೆನ್ಸು ಕೊಡುವ ಬೋರ್ಡಿಗೆ ದೂರು ಕೊಟ್ಟವಳು ನಾನೇ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ. ಅವರ ಫಾರಮ್ಮಿನಲ್ಲಿ ಎಲ್ಲದಕ್ಕೂ ಒಂದೊಂದು ಚೌಕ ಇತ್ತು, ನನಗೆ ಬೇಕಾದ ಪ್ರಶ್ನೆಗೆ ಮಾತ್ರ ಇರಲಿಲ್ಲ. ಅಂದು ನೀವು ಅಪ್ಪನ ಹತ್ತಿರ ಮದ್ದೂರು ಕಡೆಯ ಕನ್ನಡ ಆಡಿದ್ದು ಕಿವಿಗೆ ಬಿದ್ದಿತ್ತು. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನಗೆ ಕೊಟ್ಟ ಡಬ್ಬಿಯಲ್ಲಿ ಅಸ್ಥಿಯ ಚೀಲದ ಜೊತೆ ಒಂದು ಉಕ್ಕಿನ ಬಿಲ್ಲೆ ಇತ್ತು, ಮೇಲೆ ನಂಬರು ಕೊರೆದದ್ದು. ದೇಹದ ಜೊತೆಗೇ ಬೆಂಕಿಗೆ ಹೋಗಿ, ಅಸ್ಥಿಯ ಜೊತೆಗೇ ಹೊರಗೆ ಬರುತ್ತದೆ, ಇವರೇ ಅವರು ಅನ್ನುವುದಕ್ಕೆ ಅದೇ ಸಾಕ್ಷಿ ಎಂದು ನಿಮ್ಮ ಆಫೀಸಿನವರೇ ವಿವರಿಸಿದ್ದರು. ಆದರೆ ಆ ಬಿಲ್ಲೆ ಹೊಸ ಚಮಚದ ಹಾಗೆ ಹೊಳೆಯುತ್ತಿದೆ. ನಾನು ಚಿಪ್ ಕಂಪನಿಯೊಂದರಲ್ಲಿದ್ದೇನೆ. ಕೆಟ್ಟುಹೋದ ಲೋಹವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಅದು ಎಷ್ಟು ಕಾವು ಕಂಡಿದೆ ಎಂದು ಹೇಳಿ ಸಂಬಳ ತೆಗೆದುಕೊಳ್ಳುವವಳು. ಈ ಬಿಲ್ಲೆ ಬೆಂಕಿಯನ್ನೇ ಕಂಡಿಲ್ಲ.

ಅಸ್ಥಿಯನ್ನು ಮನೆಯೊಳಗೆ ಇಡಬಾರದು ಎಂದು ಗರಾಜಿನಲ್ಲಿ, ನೀರಿನ ಹೀಟರಿನ ಪಕ್ಕ ಇಟ್ಟಿದ್ದೇವೆ. ಜಗನ್ ಶ್ರೀರಂಗಪಟ್ಟಣಕ್ಕೆ ಒಯ್ಯಲು ಟಿಕೆಟ್ಟು ತೆಗೆದಿದ್ದ, ನಾನು ಬಿಡಲಿಲ್ಲ. ಯಾರದೋ ಬೂದಿಯನ್ನು ಅಮ್ಮ ಎಂದು ಕಾವೇರಿಗೆ ಬಿಡಲಾರೆ. ಅಪ್ಪ ದಿನಾ ಬೆಳಿಗ್ಗೆ ಕಾಫಿ ಕುಡಿದು ಗರಾಜಿಗೆ ಹೋಗಿ, ಕಾರಿನ ಹಿಂದೆ ಸ್ವಲ್ಪ ಹೊತ್ತು ನಿಂತು ಬರುತ್ತಾರೆ.

ಪ್ರಶ್ನೆ ಒಂದೇ. ಆ ಡಬ್ಬಿಯಲ್ಲಿರುವುದು ನನ್ನ ಅಮ್ಮನೇ?

ಉತ್ತರಕ್ಕೆ ಕಾಯುವ,
ನಿಸರ್ಗಾ


ಹೇವರ್ಡ್
2 ಏಪ್ರಿಲ್ 2024

ಶ್ರೀಮತಿ ನಿಸರ್ಗಾ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ವಿಚಾರಣೆ ನಡೆಯುತ್ತಿರುವಾಗ ನಿಮಗೆ ಏನೂ ಬರೆಯಕೂಡದು ಎಂದು ನಮ್ಮ ವಕೀಲರು ಹೇಳಿದ್ದಾರೆ. ಆದ್ದರಿಂದ ಇಷ್ಟೇ: ಡಬ್ಬಿಯಲ್ಲಿರುವುದು ನಿಮ್ಮ ತಾಯಿಯವರ ಅಸ್ಥಿಯೇ. ನಮ್ಮ ದಾಖಲೆಗಳು ಸರಿಯಾಗಿವೆ. ಬಿಲ್ಲೆಯ ಬಣ್ಣ ಹಲವು ಕಾರಣಗಳಿಂದ ಬೇರೆಬೇರೆಯಾಗಿ ಕಾಣಬಹುದು.

ನಿಮ್ಮ ದುಃಖದಲ್ಲಿ ನಾನೂ ಭಾಗಿ.

ತಮ್ಮ ವಿಶ್ವಾಸಿ,
ಯೋಗಾನಂದ
ಚಿತಾಗಾರದ ಮ್ಯಾನೇಜರು


ಮಿಲ್ಪಿಟಾಸ್
9 ಏಪ್ರಿಲ್ 2024

ಯೋಗಾನಂದ ಅವರೇ,

ಲಕೋಟೆಯಲ್ಲಿ ಎರಡು ಉಕ್ಕಿನ ತುಣುಕುಗಳಿವೆ. ಎರಡೂ ನಿಮ್ಮ ಬಿಲ್ಲೆಯ ಜಾತಿಯದೇ. ಒಂದನ್ನು ಹಾಗೇ ಬಿಟ್ಟಿದ್ದೇನೆ. ಇನ್ನೊಂದನ್ನು ನಮ್ಮ ಲ್ಯಾಬಿನ ಒಲೆಯಲ್ಲಿ, ನಿಮ್ಮ ದಹನದ ಚೇಂಬರಿನ ಕಾವಿನಲ್ಲಿ, ಎರಡು ಗಂಟೆ ಇಟ್ಟು ತೆಗೆದೆ. ಕಣ್ಣಾರೆ ನೋಡಿ.

"ಹಲವು ಕಾರಣಗಳು" ಎಂದಿರಿ. ಒಂದನ್ನು ಹೇಳಿ, ಸಾಕು.

ದಾಖಲೆ ಸರಿಯಾಗಿದೆ ಎಂದೂ ಬರೆದಿರಿ. ದಾಖಲೆ ಸರಿಯಾಗಿದ್ದರೆ ಬಿಲ್ಲೆ ಸುಳ್ಳು. ಬಿಲ್ಲೆಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಾಗಿ ನಿಮ್ಮ ಮಾತಿನಲ್ಲಿ ನಾನು ಯಾವುದನ್ನೂ ನಂಬುವ ಸ್ಥಿತಿಯಲ್ಲಿಲ್ಲ, ಅಮ್ಮ ಅಮ್ಮನೇ ಅನ್ನುವುದನ್ನೂ ಸೇರಿಸಿ.

ನಿಸರ್ಗಾ


ಹೇವರ್ಡ್
30 ಜೂನ್ 2024

ನಿಸರ್ಗಾ ಅವರೇ,

ನಿಮ್ಮ ಎರಡು ತುಣುಕುಗಳು ಎರಡೂವರೆ ತಿಂಗಳಿಂದ ನನ್ನ ಮೇಜಿನ ಮೇಲೆ ಇವೆ. ಪೇಪರು ಹಾರದಿರಲಿ ಎಂದು ಮೇಲೆ ಇಟ್ಟುಕೊಂಡಿದ್ದೇನೆ ಅಂತ ಹೆಂಡತಿಗೆ ಹೇಳಿದ್ದೇನೆ. ಅವಳು ನಂಬಿಲ್ಲ.

ನಾನು ಯಾರು ಅನ್ನುವುದನ್ನು ಮೊದಲು ಹೇಳುತ್ತೇನೆ, ಸಂಬಂಧವಿದೆ. ನಾನು ಬಂದದ್ದು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಗೆ. ಎರಡು ಸಾವಿರದ ಒಂದರಲ್ಲಿ ನಮ್ಮ ಲೈನಿನವರನ್ನೆಲ್ಲ ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಆಗ ಕೆಲಸ ಖಾಲಿ ಇದ್ದದ್ದು ಚಿತಾಗಾರದಲ್ಲಿ. "ಹೋಗ್ರಿ, ಜನ ಸಾಯೋದನ್ನ ಯಾವ ಕಂಪ್ನಿನೂ ನಿಲ್ಸಲ್ಲ" ಎಂದಳು ಹೆಂಡತಿ. ಪರೀಕ್ಷೆ ಬರೆದೆ, ಲೈಸೆನ್ಸು ತೆಗೆದುಕೊಂಡೆ. ಇಪ್ಪತ್ತೆರಡು ವರ್ಷ. ನಮ್ಮ ಜನ ಇಲ್ಲಿ ಸತ್ತಾಗ ಕನ್ನಡದಲ್ಲಿ "ಬನ್ನಿ, ಕೂತ್ಕೊಳ್ಳಿ" ಅನ್ನುವವನು ಒಬ್ಬ ಇರಲಿ ಎಂಬುದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯೇ ನನ್ನನ್ನು ಕೆಡವಿತು ಅಂತ ಈಗ ಅನ್ನಿಸುತ್ತದೆ.

ಅಂದು ನಡೆದದ್ದು ಇದು. ನಿಮ್ಮ ತಾಯಿಯವರ ಕಾಲಿಗೆ ಬಿಲ್ಲೆಯನ್ನು ತಂತಿಯಿಂದ ಕಟ್ಟಿದ್ದೆ. ಹೊರಡುವ ಜೀವಕ್ಕೆ ಮೈಮೇಲೆ ಗಂಟು ಉಳಿಯಬಾರದು ಎನ್ನುವ ಪದ್ಧತಿ ನಮ್ಮ ಕಡೆ ಇದೆಯಲ್ಲ. ಕಾಲಿನ ಹೆಬ್ಬೆರಳ ದಾರ ಬಿಚ್ಚಿದರು, ಸೆರಗಿನ ಗಂಟು ಸಡಿಲಿಸಿದರು. ಆಗ ನಿಮ್ಮ ಹಿರಿಯರೊಬ್ಬರು ಆ ತಂತಿಯನ್ನು ತೋರಿಸಿ, ಅದನ್ನೂ ಬಿಚ್ಚಿ ಎಂದರು. ಕಾನೂನು ನನಗೆ ಗೊತ್ತು. ಬೇರೆ ಯಾವ ಮ್ಯಾನೇಜರಾದರೂ ಆಗೋದಿಲ್ಲ ಅನ್ನುತ್ತಿದ್ದ. ನಾನು ಮಾತ್ರ, ಕಟ್ಟದಿದ್ದರೇನಂತೆ, ಒಳಗೆ ಹೋಗುವಾಗ ಪೆಟ್ಟಿಗೆಯ ಮೇಲೆ ಇಟ್ಟರಾಯಿತು ಎಂದುಕೊಂಡು, ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ನಿಮ್ಮ ತಂದೆಯವರಿಗೆ ತಲೆ ಸುತ್ತಿತು. ಕುರ್ಚಿ ತಂದೆ, ನೀರು ಕೊಟ್ಟೆ. ತಿರುಗಿ ನೋಡುವಷ್ಟರಲ್ಲಿ ನಿಮ್ಮ ತಮ್ಮ ಗುಂಡಿ ಒತ್ತಿದ್ದರು. ಅವರದೇನೂ ತಪ್ಪಿಲ್ಲ, ಹೀಗೆ ಒತ್ತಬೇಕು ಎಂದು ತೋರಿಸಿಕೊಟ್ಟವನು ನಾನೇ. ಬೆಂಕಿ ಹೊತ್ತಿದ ಮೇಲೆ ಬಾಗಿಲು ತೆಗೆಯುವಂತಿಲ್ಲ.

ಅಲ್ಲಿಗೆ ನಿಂತಿದ್ದರೆ ಅದು ಮರೆವು. ದಾಖಲೆ ಪುಸ್ತಕದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ನಿಮ್ಮನ್ನು ಕರೆದು ಹೇಳಬೇಕಿತ್ತು. ನಾನು "ಬಿಲ್ಲೆ ಮೊದಲೂ ನೋಡಿದೆ, ಆಮೇಲೂ ನೋಡಿದೆ" ಎಂದು ಬರೆದು ಸಹಿ ಹಾಕಿ, ಜೇಬಿನ ಬಿಲ್ಲೆಯನ್ನು ಡಬ್ಬಿಗೆ ಹಾಕಿದೆ. ಯಾರು ನೋಡುತ್ತಾರೆ ಎಂದುಕೊಂಡೆ. ಲೋಹ ಓದಬಲ್ಲ ಮಗಳಿದ್ದಾಳೆ ಅಂತ ನನಗೇನು ಗೊತ್ತು.

ಈಗ ನಿಮ್ಮ ಪ್ರಶ್ನೆ. ಆ ದಿನ ನಮ್ಮಲ್ಲಿ ಇದ್ದದ್ದು ಇಬ್ಬರೇ: ನಿಮ್ಮ ತಾಯಿ, ಮತ್ತೊಬ್ಬರು ಗಂಡಸರು. ಅವರು ಎರಡನೆಯ ಚೇಂಬರು. ಅವರ ಬಿಲ್ಲೆ ಕಾಲಲ್ಲೇ ಇತ್ತು, ಕಪ್ಪಗಾಗಿ ಹೊರಗೆ ಬಂತು, ಅವರ ಮನೆಯವರ ಹತ್ತಿರ ಇದೆ. ಒಂದನೆಯ ಚೇಂಬರಿನಿಂದ ನಾನೇ ಗುಡಿಸಿ ತೆಗೆದದ್ದು ನಿಮ್ಮ ಡಬ್ಬಿಯಲ್ಲಿದೆ. ಬೇರೆ ಯಾರೂ ಮುಟ್ಟಿಲ್ಲ. ಅದು ನಿಮ್ಮ ಅಮ್ಮನೇ. ಏಪ್ರಿಲ್ಲಿನಲ್ಲೂ ಇದನ್ನೇ ಬರೆದಿದ್ದೆ, ಆದರೆ ಸುಳ್ಳಿನ ಪಕ್ಕದಲ್ಲಿ ಕೂರಿಸಿದ ನಿಜವನ್ನು ಯಾರು ನಂಬುತ್ತಾರೆ?

ಬೋರ್ಡಿನವರು ರಾಜಿಗೆ ಬಂದಿದ್ದಾರೆ. "ದಾಖಲೆ ಬರೆಯುವಾಗ ಆದ ಅಜಾಗರೂಕತೆ" ಎಂದು ಒಪ್ಪಿ ಸಹಿ ಹಾಕಿದರೆ ಮೂವತ್ತು ದಿನ ಅಮಾನತು, ಮೂರು ವರ್ಷ ಪ್ರೊಬೇಷನ್, ಲೈಸೆನ್ಸು ಉಳಿಯುತ್ತದೆ. ಬೇಕೆಂದೇ ಸುಳ್ಳು ಬರೆದೆ ಎಂದು ಗೊತ್ತಾದರೆ ಲೈಸೆನ್ಸು ರದ್ದು. ವಕೀಲರು ಪೆನ್ನು ಕೈಗೆ ಕೊಟ್ಟು ಕೂತಿದ್ದಾರೆ. ಈ ಕಾಗದದ ವಿಷಯ ಅವರಿಗೆ ಗೊತ್ತಿಲ್ಲ. ಇದನ್ನು ನೀವು ಏನು ಮಾಡಿದರೂ ನನ್ನ ತಕರಾರಿಲ್ಲ. ಹೆದರಿಕೆ ಇದೆ. ಅರವತ್ತರ ಹತ್ತಿರ ಬಂದವನಿಗೆ ಇನ್ನೊಂದು ಕಸುಬು ಎಲ್ಲಿ ಸಿಗುತ್ತದೆ?

ಹಿರಿಯರು ಯಾರು ಎಂದು ಕೇಳಬೇಡಿ. ಬಿಚ್ಚಿದ ಕೈ ನನ್ನದು.

ತಲೆ ತಗ್ಗಿಸಿ,
ಯೋಗಾನಂದ


ಮಿಲ್ಪಿಟಾಸ್
21 ಜುಲೈ 2024

ಯೋಗಾನಂದ ಅವರೇ,

ನಿಮ್ಮ ಕಾಗದವನ್ನು ಆಫೀಸಿನ ಪಾರ್ಕಿಂಗಿನಲ್ಲಿ, ಕಾರಿನೊಳಗೆ ಕೂತು ಓದಿದೆ. ಓದಿ ಅತ್ತೆ. ಜನವರಿಯಿಂದ ಅತ್ತಿರಲಿಲ್ಲ, ಯಾರಿಗಾಗಿ ಅಳಬೇಕು ಎಂದೇ ಖಾತ್ರಿ ಇರಲಿಲ್ಲವಲ್ಲ. ಮನೆಗೆ ಬಂದು ಗರಾಜಿಗೆ ಹೋಗಿ ಡಬ್ಬಿಯ ಮೇಲೆ ಕೈಯಿಟ್ಟೆ. ಆರು ತಿಂಗಳಲ್ಲಿ ಅದನ್ನು ಅಮ್ಮ ಎಂದು ಮುಟ್ಟಿದ್ದು ಅದೇ ಮೊದಲು.

ಸುಳ್ಳು ಎಲ್ಲಿದೆ ಎಂದು ಗೊತ್ತಾಯಿತು, ಮಿಕ್ಕದ್ದನ್ನು ನಂಬಲು ಸಾಧ್ಯವಾಯಿತು. ಅದನ್ನು ಕೊಟ್ಟದ್ದಕ್ಕೆ ನಿಮಗೆ ಋಣಿ. ಇದನ್ನು ಬರೆದ ಕೈಯಲ್ಲೇ ಮುಂದಿನದನ್ನೂ ಬರೆಯಬೇಕು.

ನಿಮ್ಮ ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿ, ಮೂಲದ ಪ್ರತಿಯ ಜೊತೆ ಬೋರ್ಡಿಗೆ ಕಳಿಸಿದ್ದೇನೆ. ಹತ್ತು ದಿನ ಯೋಚಿಸಿದೆ. ಜಗನ್ ಬೇಡ ಎಂದ. "ಅಕ್ಕ, ಅಮ್ಮ ಸಿಕ್ಕಿದ್ಲಲ್ಲ, ಬಿಡು. ಪಾಪ, ಮನುಷ್ಯ ಒಪ್ಕೊಂಡಿದಾನೆ" ಎಂದ. ನನಗೆ ಲೋಹ ಗೊತ್ತಿತ್ತು, ಆದ್ದರಿಂದ ಕೇಳಿದೆ. ಗೊತ್ತಿಲ್ಲದವಳು ಹೊಳೆಯುವ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಾಳೆ. ಆ ಪುಸ್ತಕದಲ್ಲಿ ಬರೆದದ್ದು ನಿಜವಾಗಿರಲೇಬೇಕು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಸುಲಭವಾಗುತ್ತಿತ್ತು.

ಹಿರಿಯರು ಯಾರು ಎಂದು ನನಗೆ ಊಹೆ ಇದೆ. ಹಾಸನದಿಂದ ವಿಡಿಯೊ ಕಾಲಿನಲ್ಲಿ ಕೂತು, ಹಾಗೆ ಮಾಡಿ, ಹೀಗೆ ಮಾಡಿ ಎನ್ನುತ್ತಿದ್ದ ದೊಡ್ಡಮ್ಮ ಭದ್ರಮ್ಮ. ಅಮ್ಮನ ಅಕ್ಕ. ಅವರಿಗೆ ಫೋನು ಮಾಡುವುದನ್ನು ನಿಲ್ಲಿಸಿದ್ದೇನೆ.

ಮುಂದಿನ ತಿಂಗಳು ಜಗನ್, ನಾನು ಅಮ್ಮನನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುತ್ತೇವೆ.

ನಿಸರ್ಗಾ


ಹೇವರ್ಡ್
9 ಡಿಸೆಂಬರ್ 2024

ನಿಸರ್ಗಾ ಅವರೇ,

ತೀರ್ಪು ಬಂತು. ರದ್ದು. ಒಂದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದಂತೆ, ಕೊಡಲೇಬೇಕೆಂದಿಲ್ಲವಂತೆ. ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಲಕೋಟೆಗೆ ಹಾಕಿ ವಾಪಸು ಕಳಿಸಿದೆ. ಇಪ್ಪತ್ತೆರಡು ವರ್ಷ ತೂಗುಹಾಕಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದಿದೆ.

ಹಿಯರಿಂಗಿನಲ್ಲಿ ನಿಮ್ಮ ಅನುವಾದ ಓದಿದರು. ಚೆನ್ನಾಗಿತ್ತು. ಅದರಲ್ಲಿದ್ದ ಇಂಗ್ಲಿಷ್ ಯೋಗಾನಂದ ನನಗಿಂತ ಮರ್ಯಾದಸ್ಥನಾಗಿ ಕಂಡ. ಬಿಚ್ಚಲು ಹೇಳಿದ ಹಿರಿಯರ ಹೆಸರು ಕೊಟ್ಟರೆ ಶಿಕ್ಷೆ ಕಡಿಮೆ ಮಾಡುವುದನ್ನು ಪರಿಗಣಿಸಬಹುದು ಎಂದರು ಜಡ್ಜು. ನೆನಪಿಲ್ಲ ಎಂದು ಹೇಳಿದರೆ ಮತ್ತೊಂದು ಸುಳ್ಳಾಗುತ್ತಿತ್ತು. ನೆನಪಿದೆ, ಹೇಳುವುದಿಲ್ಲ ಎಂದೆ. ವಕೀಲರು ಹಣೆ ಹಿಡಿದುಕೊಂಡರು.

ನೀವು ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ನೋವಾಗಲಿಲ್ಲ ಎಂದೂ ಹೇಳಲಾರೆ. ಮೊದಲ ವಾರ ನಿಮ್ಮ ಹೆಸರೆತ್ತಿದರೆ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು.

ಈಗ ನಿಮ್ಮ ಮಿಲ್ಪಿಟಾಸಿನಲ್ಲೇ, ಇಂಡಿಯನ್ ಗ್ರೋಸರಿಯೊಂದರಲ್ಲಿದ್ದೇನೆ. ಬೇಳೆಕಾಳು, ಪೂಜೆ ಸಾಮಾನಿನ ಸಾಲು ನನ್ನದು. ಒಬ್ಬೊಬ್ಬರು ಗುರುತು ಹಿಡಿದು, ಇವನನ್ನು ಎಲ್ಲೋ ನೋಡಿದ್ದೇವಲ್ಲ ಎಂದು ನಿಲ್ಲುತ್ತಾರೆ. ಎಲ್ಲಿ ಎಂದು ನೆನಪಾದ ತಕ್ಷಣ ತೊಗರಿಬೇಳೆ ಬಿಟ್ಟು ಹೊರಟುಬಿಡುತ್ತಾರೆ. ಮಾಲೀಕ ಇನ್ನೂ ಗಮನಿಸಿಲ್ಲ.

ಭದ್ರಮ್ಮನವರಿಗೆ ಫೋನು ಮಾಡಿ. ಇಷ್ಟು ಮಾತ್ರ ಹೇಳಬಲ್ಲೆ.

ಯೋಗಾನಂದ


ಮಿಲ್ಪಿಟಾಸ್
19 ಜನವರಿ 2025

ಯೋಗಾನಂದ ಅವರೇ,

ನಿಮ್ಮ ಮಾತು ಕೇಳಿ ಸಂಕ್ರಾಂತಿಯ ದಿನ ದೊಡ್ಡಮ್ಮನಿಗೆ ಫೋನು ಮಾಡಿದೆ. ಎಳ್ಳು ಬೆಲ್ಲದ ಮಾತಾಡಬೇಕಿತ್ತು. ಆದರೆ ಅವರ ದನಿ ಕೇಳಿದ್ದೇ ಒಳಗಿದ್ದದ್ದೆಲ್ಲ ಹೊರಗೆ ಬಂತು. ನಿಮ್ಮ ಶಾಸ್ತ್ರದಿಂದ ಒಬ್ಬರ ಅನ್ನ ಹೋಯಿತು, ಆರು ತಿಂಗಳು ಅಮ್ಮ ಗರಾಜಿನಲ್ಲಿದ್ದಳು ಎಂದು ಬಯ್ದೆ. ದೊಡ್ಡಮ್ಮ, "ನಾನ್ ಯಾವಾಗ ಹೇಳ್ದೆ ಮಗಾ, ನಿನ್ ತಮ್ಮ ಫೋನ್ ಆಫ್ ಮಾಡ್ಬಿಟ್ಟಿದ್ನಲ್ಲ" ಎಂದು ಅಳತೊಡಗಿದರು.

ಅಪ್ಪ ಸೋಫಾದ ಮೇಲೆ ಕೂತಿದ್ದರು. ಟಿವಿ ಆರಿಸಿದರು.

"ಅವಳನ್ನ ಬಯ್ಬೇಡ. ಬಿಚ್ಚಿ ಅಂದದ್ದು ನಾನು" ಎಂದರು.

ನಾನು ಫೋನು ಇಟ್ಟೆ. ಅವರೇ ಮುಂದುವರಿಸಿದರು. "ಐವತ್ತೆರಡು ವರ್ಷ ಬಾಳ್ವೆ ಮಾಡವ್ಳೆ. ಕಾಲಿಗೆ ನಂಬರು ಕಟ್ಟಿ ಕಳ್ಸೋಕೆ ಅವಳೇನು ಸಂತೇಲಿ ಮಾರೋ ಕುರಿನಾ ಅನ್ನಿಸ್ತು. ಅಯ್ಯಾ, ಅದನ್ನೂ ತೆಗೆದ್ಬಿಡಪ್ಪ ಅಂದೆ. ಆ ಮನುಷ್ಯ ನನ್ ಮಖ ನೋಡ್ದ, ಕೂತ್ಕೊಂಡು ಬಿಚ್ದ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಅಷ್ಟೊಂದು ಸಿಟ್ಟಲ್ಲಿದ್ದೆ" ಎಂದರು. ನನ್ನ ಅಪ್ಪ ಮಂಜುನಾಥ, ಎಪ್ಪತ್ತೊಂಬತ್ತು ವರ್ಷ, ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ನನಗೆ ಹೆದರಿ ಸುಮ್ಮನಿದ್ದರು. ಈ ಮಾತು ಐದು ದಿನದಿಂದ ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ಅವರು ದಿನಾ ಗರಾಜಿನಲ್ಲಿ ನಿಂತು ಏನು ಹೇಳಿಕೊಳ್ಳುತ್ತಿದ್ದರು ಎಂದು ಈಗ ಗೊತ್ತಾಗುತ್ತದೆ.

ನೀವು ಹೆಸರು ಹೇಳದೆ ಉಳಿಸಿದ್ದು ನನ್ನ ಅಪ್ಪನ ಮರ್ಯಾದೆಯನ್ನು. ಬೋರ್ಡಿಗೆ ಎಲ್ಲವನ್ನೂ ಬರೆಯುತ್ತೇನೆ. ಅಪ್ಪ ಸಹಿ ಹಾಕಲು ತಯಾರಿದ್ದಾರೆ. ನೀವು ಹೂಂ ಎನ್ನಬೇಕು, ಅಷ್ಟೇ.

ನಿಸರ್ಗಾ


ಹೇವರ್ಡ್
2 ಫೆಬ್ರವರಿ 2025

ನಿಸರ್ಗಾ ಅವರೇ,

ಬರೆಯಬೇಡಿ.

ಗಂಟು ಬಿಚ್ಚಿ ಎಂದವರು ನಿಮ್ಮ ತಂದೆ. ಸುಳ್ಳು ಬರಿ ಎಂದವರು ಯಾರೂ ಇಲ್ಲ. ಬೋರ್ಡು ನನ್ನ ಲೈಸೆನ್ಸು ತೆಗೆದುಕೊಂಡದ್ದು ಎರಡನೆಯದಕ್ಕೆ. ಎಪ್ಪತ್ತೊಂಬತ್ತರ ಮುದುಕರನ್ನು ನಡುವೆ ನಿಲ್ಲಿಸಿ ನಾನು ಸಂಪಾದಿಸುವುದು ಏನೂ ಇಲ್ಲ.

ನಿಮ್ಮ ಮೇಲೆ ನೀವು ಸಿಟ್ಟಾಗಬೇಡಿ ಎಂದು ಹೇಳಿದರೆ ನೀವು ಕೇಳುವವರಲ್ಲ. ಆದ್ದರಿಂದ ಒಂದು ಕೆಲಸ ಹೇಳುತ್ತೇನೆ. ಶನಿವಾರ ತಂದೆಯವರನ್ನು ನಮ್ಮ ಅಂಗಡಿಗೆ ಕರೆದುಕೊಂಡು ಬನ್ನಿ. ಫ್ರೋಜನ್ ಅವರೆಕಾಳು ಬಂದಿದೆ. ಸೊಗಡು ಇಲ್ಲ, ಆದರೂ ಅವರೆಯೇ. ಅವರ ಜೊತೆ ಕೂತು ಸ್ವಲ್ಪ ಮಾತಾಡಬೇಕು. ಅಂದು ನೀರು ಕೊಟ್ಟದ್ದೇ ಕೊನೆ, ಆಮೇಲೆ ಹೇಗಿದ್ದಾರೆ ಎಂದು ಕೇಳಲೂ ಆಗಲಿಲ್ಲ.

ಹೆಂಡತಿ ಪಾತ್ರೆ ಕುಕ್ಕುವುದನ್ನು ನಿಲ್ಲಿಸಿದ್ದಾಳೆ.

ನಿಮ್ಮ ಹಿತೈಷಿ,
ಯೋಗಾನಂದ


ಮಿಲ್ಪಿಟಾಸ್
14 ಅಕ್ಟೋಬರ್ 2025

ಯೋಗಾನಂದ ಅವರೇ,

ಫೆಬ್ರವರಿಯಿಂದ ತಪ್ಪದೆ ಬರುತ್ತಿದ್ದ ನಾವು ಈ ಮೂರು ಶನಿವಾರ ಅಂಗಡಿಗೆ ಬರಲಿಲ್ಲ, ನೀವು ಫೋನು ಮಾಡಿದಾಗ ಎತ್ತಲೂ ಆಗಲಿಲ್ಲ. ಅಪ್ಪ ಹೋದ ಸೋಮವಾರ ತೀರಿಕೊಂಡರು. ಆಸ್ಪತ್ರೆಯಲ್ಲೇ, ನ್ಯುಮೋನಿಯಾ. ನಿನ್ನೆ ಸಂಸ್ಕಾರವಾಯಿತು, ನಿಮ್ಮ ಹಳೆಯ ಜಾಗದಲ್ಲೇ. ನಿಮ್ಮನ್ನು ಕರೆಯಬೇಕು ಎಂದು ಮೂರು ಸಲ ಫೋನು ಕೈಗೆತ್ತಿಕೊಂಡೆ. ಆ ಬಾಗಿಲಿನ ಹೊರಗೆ ನಿಮ್ಮನ್ನು ನಿಲ್ಲಿಸುವ ಧೈರ್ಯ ನನಗೆ ಬರಲಿಲ್ಲ. ಕ್ಷಮಿಸಿ.

ಈಗಿನ ಮ್ಯಾನೇಜರು ಚಿಕ್ಕ ವಯಸ್ಸಿನ ಹುಡುಗಿ. ಕನ್ನಡ ಬರುವುದಿಲ್ಲ. ಬಿಲ್ಲೆಯ ನಂಬರನ್ನು ಜೋರಾಗಿ ಎರಡು ಸಲ ಓದಿದಳು, ನನ್ನಿಂದಲೂ ಓದಿಸಿದಳು. ಜಗನ್ ಹೆಬ್ಬೆರಳಿನ ದಾರ ಬಿಚ್ಚಿದ. ದೊಡ್ಡಮ್ಮ ಹಾಸನದಿಂದ ಫೋನಿನಲ್ಲಿ ನೋಡುತ್ತಿದ್ದರು. ಉಡಿದಾರವೂ ಹೋಯಿತು. ತಂತಿಯೊಂದು ಉಳಿಯಿತು. ಜಗನ್ ನನ್ನ ಮುಖ ನೋಡಿದ. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ.

ಇಂದು ಅಸ್ಥಿ ಕೊಟ್ಟರು. ಬಿಲ್ಲೆ ಕಪ್ಪಗಾಗಿದೆ, ನಂಬರು ಕಷ್ಟಪಟ್ಟು ಓದಬೇಕು. ನನ್ನ ಭೂತಗನ್ನಡಿ ತೆಗೆಯಲಿಲ್ಲ.

ತಂತಿ ಬಿಡಿಸದೆ ಕಳಿಸಿದ್ದು ನನ್ನ ನಿರ್ಧಾರವಲ್ಲ. ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಸಂಜೆ, ಅಪ್ಪ ಆಕ್ಸಿಜನ್ ಮಾಸ್ಕನ್ನು ತಾವೇ ಎತ್ತಿ ಹಿಡಿದು, ಬಿಡಿಸಿ ಬಿಡಿಸಿ ಹೇಳಿದ್ದರು: "ನನ್ ಕಾಲಿಂದು ಬಿಚ್ಬೇಡಿ. ಹಂಗೇ ಕಳ್ಸಿ. ಬಿಚ್ಲಿಲ್ಲ ಅಂತ ಅಂಗಡಿ ಯೋಗಾನಂದಂಗೆ ಹೇಳು."

ಹೇಳಿದ್ದೇನೆ.

ನಿಸರ್ಗಾ